ದಂಡ ಕಟ್ಟಿದ ಮೇಲೂ ಮುಗಿಯದ ಕೇಸು: ಕುಡಿತ, ಕಾರು ಮತ್ತು ಕೆನಡಾ ಗಡಿ

ಮೆಟ್ರೋದಲ್ಲಿ ನಿಂತು ಕೇಳ್ತಿದ್ದೀರೋ, ಪಾತ್ರೆ ತೊಳೀತಾ ಕೇಳ್ತಿದ್ದೀರೋ, ಸ್ವಲ್ಪ ಹೊತ್ತು ನನ್ನ ಜೊತೆ ಇರಿ. ಇವತ್ತು ರಾಜರ ಕಥೆ ಇಲ್ಲ, ಯುದ್ಧದ ಕಥೆ ಇಲ್ಲ. ಇವತ್ತಿನದು ಒಂದು ಟ್ರಾಫಿಕ್ ಕೇಸಿನ ಕಥೆ.

1976ರ ಸೆಪ್ಟೆಂಬರ್ 4. ಅಮೆರಿಕದ ಈಶಾನ್ಯ ಮೂಲೆಯ ಮೇನ್ ರಾಜ್ಯ. ಅಲ್ಲಿ ಕೆನೆಬಂಕ್‌ಪೋರ್ಟ್ ಅನ್ನೋ ಸಮುದ್ರದಂಡೆಯ ಸಣ್ಣ ಊರು. ಮೂವತ್ತು ವರ್ಷದ ಒಬ್ಬನ ಕಾರನ್ನು ಪೊಲೀಸರು ನಿಲ್ಲಿಸಿದರು. ಕುಡಿದಿದ್ದ. ತಪ್ಪೊಪ್ಪಿಕೊಂಡ, 150 ಡಾಲರ್ ದಂಡ ಕಟ್ಟಿದ, ಆ ರಾಜ್ಯದಲ್ಲಿ ಗಾಡಿ ಓಡಿಸುವ ಹಕ್ಕನ್ನು ಕೆಲಕಾಲ ಕಳೆದುಕೊಂಡ. ಅಲ್ಲಿಗೆ ಕೇಸು ಮುಗೀತು, ಜಗತ್ತೂ ಮರೀತು.

24 ವರ್ಷ ಕಳೆದು, 2000ದ ನವೆಂಬರ್ 2ರಂದು ಮೇನ್ ರಾಜ್ಯದ ಒಂದು ಟಿವಿ ಚಾನೆಲ್ ಆ ಹಳೇ ಕಡತವನ್ನು ಹೊರಗೆಳೆಯಿತು. ಅಧ್ಯಕ್ಷ ಚುನಾವಣೆಗೆ ಐದೇ ದಿನ ಬಾಕಿ. ಅವತ್ತು ಕಾರು ಓಡಿಸಿದ್ದವರು ಜಾರ್ಜ್ ಡಬ್ಲ್ಯೂ. ಬುಷ್. ಅವರು ಹೌದು ಅಂತ ಒಪ್ಪಿಕೊಂಡರು, ಚುನಾವಣೆಯನ್ನೂ ಗೆದ್ದರು. ಅವರ ಉಪಾಧ್ಯಕ್ಷ ಡಿಕ್ ಚೆನಿ ಅವರ ಹೆಸರಲ್ಲೂ 1962 ಮತ್ತು 1963ರಲ್ಲಿ, ಅಂದ್ರೆ ಎರಡು ಸಲ, ಇದೇ ಥರದ ಕೇಸು ಆಗಿತ್ತು. 2001ರ ಏಪ್ರಿಲ್‌ನಲ್ಲಿ ಬುಷ್ ಅಮೆರಿಕ ಖಂಡಗಳ ನಾಯಕರ ಶೃಂಗಸಭೆಗೆ ಕೆನಡಾದ ಕ್ವಿಬೆಕ್ ನಗರಕ್ಕೆ ಹೋಗಿ ಬಂದರು.

ಅಧ್ಯಕ್ಷರ ಪ್ರಯಾಣದ ಲೆಕ್ಕ ಬೇರೆ, ಬಿಡಿ. ಆದ್ರೆ ಒಂದು ಕ್ಷಣ ಯೋಚಿಸಿ. ಅಮೆರಿಕದ ಒಬ್ಬ ಮೇಷ್ಟ್ರು, ಒಬ್ಬ ಲಾರಿ ಚಾಲಕ, ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಕೆನಡಾ ಗಡಿಗೆ ಬರ್ತಾನೆ. ಅವನಿಗೂ ಹಿಂದೆ ಯಾವತ್ತೋ ಕುಡಿದು ಓಡಿಸಿದ ಕೇಸು ಆಗಿದೆ. ಗಡಿ ಅಧಿಕಾರಿ ಪಾಸ್‌ಪೋರ್ಟ್ ಸ್ಕ್ಯಾನ್ ಮಾಡ್ತಾರೆ, ಪರದೆ ನೋಡ್ತಾರೆ, "ಗಾಡಿ ಪಕ್ಕಕ್ಕೆ ಹಾಕಿ" ಅಂತಾರೆ. ಒಂದೆರಡು ಗಂಟೆಯ ನಂತರ ಅದೇ ಕಾರು ವಾಪಸ್ ತಿರುಗುತ್ತೆ. ಇಂಥದ್ದು ಈ ಗಡಿಯಲ್ಲಿ ಹೊಸದೇನಲ್ಲ.

ತನ್ನ ಊರಲ್ಲಿ ದಂಡ ಕಟ್ಟಿ ಮುಗಿಸಿದ ಕೇಸು ಇನ್ನೊಂದು ದೇಶದ ಬಾಗಿಲಲ್ಲಿ ಹೇಗೆ ಮತ್ತೆ ಎದ್ದು ಕೂರುತ್ತೆ? ಇದಕ್ಕೆ ಉತ್ತರ ಹುಡುಕೋಕೆ ಎರಡು ಕಥೆ ಬೇಕು. ಒಂದು ರಸ್ತೆಯದು, ಇನ್ನೊಂದು ಗಡಿಯದು. ನೂರು ವರ್ಷ ಬೇರೆ ಬೇರೆಯಾಗಿ ನಡೆದ ಈ ಕಥೆಗಳು ಕೊನೆಗೆ ಒಂದೇ ಒಂದು ಅಂಕಿಯಲ್ಲಿ ಬಂದು ಸೇರಿದವು. ಆ ಅಂಕಿ 10. ಅದು ಬೆಂಗಳೂರಲ್ಲಿ ಕೂತು ಕೇಳ್ತಿರೋ ನಿಮಗೂ ಯಾಕೆ ಮುಖ್ಯ ಅಂತ ಕೊನೆಯಲ್ಲಿ ಹೇಳ್ತೀನಿ.

ಮೊದಲು ರಸ್ತೆಯ ಕಥೆ

ಕುಡಿದು ಮೋಟಾರು ವಾಹನ ಓಡಿಸಿದ್ದಕ್ಕೆ ಸಿಕ್ಕಿಬಿದ್ದ ಮೊದಲಿಗ ಅಂತ ಸಾಮಾನ್ಯವಾಗಿ ಹೇಳೋದು ಲಂಡನ್ನಿನ ಜಾರ್ಜ್ ಸ್ಮಿತ್ ಹೆಸರನ್ನ. 25 ವರ್ಷದ ಟ್ಯಾಕ್ಸಿ ಚಾಲಕ. 1897ರ ಸೆಪ್ಟೆಂಬರ್ 10ರಂದು ತನ್ನ ಗಾಡಿಯನ್ನು ಒಂದು ಕಟ್ಟಡಕ್ಕೆ ಗುದ್ದಿದ. ತಮಾಷೆ ಅಂದ್ರೆ ಅದು ಬ್ಯಾಟರಿಯಲ್ಲಿ ಓಡುವ ಎಲೆಕ್ಟ್ರಿಕ್ ಟ್ಯಾಕ್ಸಿ! ಅವನಿಗೆ ಬಿದ್ದ ದಂಡ 25 ಶಿಲಿಂಗ್. ಆಗ ಬ್ರಿಟನ್ನಿನಲ್ಲಿದ್ದದ್ದು 1872ರ ಕಾನೂನು. ಕುಡಿದು ಕುದುರೆ, ದನ, ಗಾಡಿ, ಉಗಿಯಂತ್ರ ಇವುಗಳ ಹೊಣೆ ಹೊರಬಾರದು ಅಂತ ಅದರಲ್ಲಿತ್ತು. ಕಾರು ಅನ್ನೋ ಪದಾರ್ಥ ಇನ್ನೂ ಕಾನೂನಿನ ಕಣ್ಣಿಗೆ ಬಿದ್ದಿರಲಿಲ್ಲ.

1910ರಲ್ಲಿ ನ್ಯೂಯಾರ್ಕ್ ರಾಜ್ಯ ಕುಡಿದು ಕಾರು ಓಡಿಸೋದನ್ನು ನಿಷೇಧಿಸಿತು. 1921ರಲ್ಲಿ ಕೆನಡಾ ಇದನ್ನು ತನ್ನ ದಂಡ ಸಂಹಿತೆಗೆ ಸೇರಿಸಿತು. ಆದ್ರೆ ಒಂದು ತೊಡಕಿತ್ತು: ಒಬ್ಬ ಕುಡಿದಿದ್ದಾನೆ ಅಂತ ಸಾಬೀತು ಮಾಡೋದು ಹೇಗೆ? ಬಾಯಿ ವಾಸನೆ, ತೊದಲುವ ಮಾತು, ಗೆರೆ ಮೇಲೆ ನಡೆಯೋಕೆ ಬರುತ್ತಾ ಇಲ್ವಾ, ಇಷ್ಟೇ ಪುರಾವೆ. ವಕೀಲ ಚುರುಕಾಗಿದ್ದರೆ "ನನ್ನ ಕಕ್ಷಿದಾರನಿಗೆ ಜ್ವರ ಬಂದಿತ್ತು ಸ್ವಾಮಿ" ಅಂತ ಬಿಡಿಸಿಕೊಂಡು ಹೋಗಬಹುದಿತ್ತು.

ಅದನ್ನು ಬದಲಿಸಿದ್ದು ವಿಜ್ಞಾನ. 1936ರಲ್ಲಿ ನಾರ್ವೆ ದೇಶ ರಕ್ತದಲ್ಲಿ ಇಷ್ಟೇ ಮದ್ಯ ಇರಬಹುದು ಅಂತ ಅಂಕಿಯಲ್ಲಿ ಮಿತಿ ಹಾಕಿತು. 1954ರಲ್ಲಿ ಅಮೆರಿಕದ ರಾಬರ್ಟ್ ಬೋರ್ಕನ್‌ಸ್ಟೈನ್ ಬ್ರೆಥಲೈಜರ್ ತಯಾರಿಸಿದರು. ಇವರು ಇಂಡಿಯಾನಾ ರಾಜ್ಯದ ಪೊಲೀಸ್ ಇಲಾಖೆಯಲ್ಲಿ ಕೆಲಸ ಮಾಡಿದವರು. ಈಗ ರಾತ್ರಿ ನಾಕಾಬಂದಿಯಲ್ಲಿ ನಮ್ಮ ಟ್ರಾಫಿಕ್ ಪೊಲೀಸರು "ಊದಿ ಸಾರ್" ಅಂತ ಬಾಯಿಗೆ ಹಿಡೀತಾರಲ್ಲ, ಆ ಆಲ್ಕೋಮೀಟರಿನ ಅಜ್ಜ ಅದು. 1967ರಲ್ಲಿ ಬ್ರಿಟನ್ 100 ಮಿಲಿಲೀಟರ್ ರಕ್ತಕ್ಕೆ 80 ಮಿಲಿಗ್ರಾಂ ಅಂತ ಮಿತಿ ಹಾಕಿತು. 1969ರಲ್ಲಿ ಕೆನಡಾ ಕೂಡ ಅದೇ 80 ಅನ್ನು ಹಿಡಿಯಿತು.

ಅಂಕಿ ಬಂತು, ಯಂತ್ರವೂ ಬಂತು. ಆದ್ರೆ ಜನರ ಮನಸ್ಸು ಬದಲಾಗಿರಲಿಲ್ಲ. ಪಾರ್ಟಿಯಲ್ಲಿ ಕುಡಿದು ಕಾರಲ್ಲಿ ಮನೆಗೆ ಹೋಗೋದು ಸಿನಿಮಾದಲ್ಲಿ ನಗು ಹುಟ್ಟಿಸುವ ವಿಷಯವಾಗಿತ್ತು. ನ್ಯಾಯಾಧೀಶರೂ "ಪಾಪ, ಒಳ್ಳೆ ಮನೆತನದ ಹುಡುಗ" ಅಂತ ದಂಡ ಹಾಕಿ ಕಳಿಸೋರು.

1980ರ ಮೇ 3. ಕ್ಯಾಲಿಫೋರ್ನಿಯಾದಲ್ಲಿ 13 ವರ್ಷದ ಹುಡುಗಿಯೊಬ್ಬಳು ಚರ್ಚಿನ ಜಾತ್ರೆಗೆ ನಡೆದು ಹೋಗ್ತಿದ್ದಳು. ಹಿಂದಿನಿಂದ ಬಂದ ಕಾರು ಗುದ್ದಿತು. ಹುಡುಗಿ ತೀರಿಕೊಂಡಳು. ಓಡಿಸ್ತಿದ್ದವನಿಗೆ ಇದು ಮೊದಲನೇ ಸಲ ಅಲ್ಲ, ಕೆಲವೇ ದಿನಗಳ ಹಿಂದೆ ಇನ್ನೊಂದು ಕುಡಿತದ ಅಪಘಾತದಲ್ಲಿ ಸಿಕ್ಕಿ ಜಾಮೀನಿನ ಮೇಲೆ ಹೊರಗಿದ್ದ. ಹುಡುಗಿಯ ತಾಯಿ ಕ್ಯಾಂಡಿ ಲೈಟ್ನರ್. ಅವನು ಬಹುಶಃ ಜೈಲಿಗೇ ಹೋಗಲ್ಲ ಅಂತ ಗೊತ್ತಾದಾಗ ಆಕೆ ಒಂದು ಸಂಘಟನೆ ಕಟ್ಟಿದರು. ಇಂಗ್ಲಿಷಿನ ಮೊದಲ ಅಕ್ಷರ ಸೇರಿಸಿದರೆ ಮ್ಯಾಡ್ ಅಂತಾಗುತ್ತೆ, ಅಂದ್ರೆ ಕುಡಿದು ಓಡಿಸುವವರ ವಿರುದ್ಧ ತಾಯಂದಿರು.

ಆ ತಾಯಂದಿರು ಸತ್ತ ಮಕ್ಕಳ ಫೋಟೊ ಹಿಡಿದು ಶಾಸನಸಭೆಗಳಿಗೆ ಹೋದರು, ಕೋರ್ಟಿನಲ್ಲಿ ಮೊದಲ ಸಾಲಲ್ಲಿ ಕೂತರು. ಅಮೆರಿಕದಲ್ಲಿ 1982ರಲ್ಲಿ ಕುಡಿತದ ಅಪಘಾತಗಳಲ್ಲಿ ಸತ್ತವರು ಸುಮಾರು 21,000 ಜನ. 2018ರ ಹೊತ್ತಿಗೆ ಅದು ಸುಮಾರು 10,500ಕ್ಕೆ ಇಳಿದಿತ್ತು. ಸೀಟ್ ಬೆಲ್ಟು, ಏರ್‌ಬ್ಯಾಗು ಎಲ್ಲದರ ಪಾಲೂ ಅದರಲ್ಲಿದೆ. ಆದ್ರೆ "ಕುಡಿದು ಓಡಿಸೋದು ತಮಾಷೆ ಅಲ್ಲ, ಕೊಲೆಗೆ ಹತ್ತಿರದ್ದು" ಅನ್ನೋ ಭಾವನೆ ಬಂದಿದ್ದು ಮುಖ್ಯವಾಗಿ ಈ ಚಳವಳಿಯಿಂದ. ಕೆನಡಾದಲ್ಲೂ ಅದೇ ಗಾಳಿ ಬೀಸಿತು. 1985ರಲ್ಲಿ ಅಲ್ಲಿ ಕುಡಿದು ಓಡಿಸಿ ಜೀವ ತೆಗೆಯೋದು ಪ್ರತ್ಯೇಕ ಅಪರಾಧವಾಯ್ತು.

ಇದನ್ನು ಇಷ್ಟು ಬಿಡಿಸಿ ಹೇಳೋಕೆ ಕಾರಣ ಇದೆ. ಮುಂದೆ ನಾವು ಗಡಿಯಲ್ಲಿ ವಾಪಸ್ ಹೋಗುವವರ ಕಷ್ಟ ನೋಡ್ತೀವಿ. ಆಗ ಈ ತಾಯಂದಿರನ್ನು ಮರೆಯೋದು ಬೇಡ.

ಇನ್ನು ಗಡಿಯ ಕಥೆ

ಅಮೆರಿಕ ಮತ್ತು ಕೆನಡಾ ನಡುವಿನ ಗಡಿ 8,891 ಕಿಲೋಮೀಟರ್. ಎರಡು ದೇಶಗಳ ನಡುವಿನ ಗಡಿಗಳಲ್ಲಿ ಜಗತ್ತಿನಲ್ಲೇ ಅತಿ ಉದ್ದದ್ದು. ಈ ಗಡಿಗೂ ಮದ್ಯಕ್ಕೂ ಇರೋ ನಂಟು ಬಹಳ ಹಳೆಯದು, ಸ್ವಲ್ಪ ಮಜವಾದದ್ದೂ ಹೌದು.

1920ರಿಂದ 1933ರವರೆಗೆ ಅಮೆರಿಕದಲ್ಲಿ ಪೂರ್ತಿ ಪಾನನಿಷೇಧ. ಕೆನಡಾದ ಒಂಟಾರಿಯೋ ಪ್ರಾಂತ್ಯದಲ್ಲೂ ಆಗ ಕೆಲವು ವರ್ಷ ಮಾರಾಟಕ್ಕೆ ನಿಷೇಧ ಇತ್ತು. ಆದ್ರೆ ಹೊರದೇಶಕ್ಕೆ ಕಳಿಸೋಕೆ ಅಂತ ಮದ್ಯ ತಯಾರಿಸೋದು ಕಾನೂನಿನಂತೆ ಸರಿ! ಒಂಟಾರಿಯೋದ ವಿಂಡ್ಸರ್ ನಗರದಿಂದ ನದಿ ದಾಟಿದರೆ ಅಮೆರಿಕದ ಡೆಟ್ರಾಯಿಟ್. ಬೇಸಿಗೆಯಲ್ಲಿ ದೋಣಿ. ಚಳಿಗಾಲದಲ್ಲಿ ನದಿ ಹೆಪ್ಪುಗಟ್ಟಿದಾಗ ಮಂಜುಗಡ್ಡೆ ಮೇಲೇ ಕಾರು ಓಡಿಸಿಕೊಂಡು ವಿಸ್ಕಿ ಸಾಗಿಸಿದರು. ನಮ್ಮಲ್ಲಿ ಒಂದು ಕಡೆ ಸಾರಾಯಿ ಬಂದ್ ಆದಾಗ ಪಕ್ಕದ ರಾಜ್ಯದ ಗಡಿಯಲ್ಲಿ ಏನಾಗುತ್ತೋ, ಥೇಟ್ ಹಾಗೇ. 1929ರಲ್ಲಿ ಸೇತುವೆ, 1930ರಲ್ಲಿ ನದಿ ಕೆಳಗೆ ಸುರಂಗ ಬಂದಾಗ ಎರಡೂ ಊರು ಇನ್ನಷ್ಟು ಹತ್ತಿರವಾದವು.

ಸರಕು ಹೀಗೆ ಹರೀತಿದ್ದಾಗ ಮನುಷ್ಯರ ವಿಷಯದಲ್ಲಿ ಕಾನೂನು ಏನು ಹೇಳ್ತಿತ್ತು? ಇಲ್ಲಿ ನಾವು ನಿಂತು ನೋಡಬೇಕಾದ ಒಂದು ವರ್ಷ ಇದೆ, 1917. ಆ ವರ್ಷ ಅಮೆರಿಕ ಹೊಸ ವಲಸೆ ಕಾನೂನು ಮಾಡಿತು. ಒಳಗೆ ಬಿಡಬಾರದವರ ಪಟ್ಟಿಯಲ್ಲಿ ಕುಡಿತದ ಚಟ ಅಂಟಿದವರನ್ನೂ ಸೇರಿಸಿತು. ಅದೇ ಕಾನೂನು ಏಷ್ಯಾದ ದೊಡ್ಡ ಭಾಗವನ್ನು ನಿಷೇಧಿತ ವಲಯ ಅಂತ ಗೆರೆ ಎಳೆಯಿತು. ಭಾರತ ಆ ಗೆರೆಯ ಒಳಗಿತ್ತು. ಅಂದ್ರೆ ಕುಡುಕನಿಗೂ, ಒಂದು ತೊಟ್ಟು ಮುಟ್ಟದ ಭಾರತೀಯನಿಗೂ ಒಂದೇ ಕಾಯ್ದೆಯಲ್ಲಿ ಬಾಗಿಲು ಮುಚ್ಚಿತು. ಒಬ್ಬನಿಗೆ ಅವನ ಚಟಕ್ಕೆ, ಇನ್ನೊಬ್ಬನಿಗೆ ಅವನು ಹುಟ್ಟಿದ ಊರಿಗೆ.

ಕೆನಡಾ ಹಿಂದೆ ಬಿದ್ದಿರಲಿಲ್ಲ. ಹುಟ್ಟಿದ ದೇಶದಿಂದ ಎಲ್ಲೂ ನಿಲ್ಲದೆ ನೇರವಾಗಿ ಬಂದವರಿಗೆ ಮಾತ್ರ ಪ್ರವೇಶ ಅಂತ 1908ರಲ್ಲೇ ನಿಯಮ ತಂದಿತ್ತು. ಭಾರತದಿಂದ ಹಾಗೆ ನೇರ ಹೋಗೋದು ಸುಲಭವಿರಲಿಲ್ಲ, ಉದ್ದೇಶವೂ ಅದೇ. ಅದರ ಫಲ 1914ರ ಕೋಮಗಾಟ ಮಾರು ಹಡಗಿನ ಕಥೆ. 376 ಪ್ರಯಾಣಿಕರಲ್ಲಿ ಹೆಚ್ಚಿನವರನ್ನು ಎರಡು ತಿಂಗಳು ವ್ಯಾಂಕೂವರ್ ಬಂದರಿನಲ್ಲೇ ತಡೆದು, ಕೊನೆಗೆ ಹಡಗನ್ನು ವಾಪಸ್ ಅಟ್ಟಿದರು. 1919ರಲ್ಲಿ ಕೆನಡಾ ಕೂಡ ಕುಡಿತದ ಚಟದವರನ್ನು ತನ್ನ ನಿಷೇಧದ ಪಟ್ಟಿಗೆ ಹಾಕಿಕೊಂಡಿತು.

ಆಗ ಗಡಿ ಕೇಳ್ತಿದ್ದ ಪ್ರಶ್ನೆ "ನೀನು ಎಂಥವನು?" ಅನ್ನೋದು. ಯಾವ ಜನಾಂಗ, ಯಾವ ಕಾಯಿಲೆ, ಯಾವ ಚಟ. 1976ರಲ್ಲಿ ಕೆನಡಾ ಹೊಸ ವಲಸೆ ಕಾಯ್ದೆ ಮಾಡಿದಾಗ ಈ ಪ್ರಶ್ನೆ ಬದಲಾಯ್ತು. ಈಗ ಮುಖ್ಯವಾಗಿ ಕೇಳಿದ್ದು "ನೀನು ಏನು ಮಾಡಿದ್ದೀಯಾ? ಅದಕ್ಕೆ ನಮ್ಮಲ್ಲಿ ಎಷ್ಟು ವರ್ಷ ಜೈಲು ಹಾಕಬಹುದು?" ಅಂತ. ಹಳೆಯದಕ್ಕಿಂತ ಇದು ನ್ಯಾಯವಾದದ್ದು ಅಂತಲೇ ನನಗನ್ನಿಸುತ್ತೆ. ಆದ್ರೆ ಈ ಹೊಸ ಲೆಕ್ಕದಲ್ಲೂ ಒಂದು ಮುಳ್ಳು ಅಡಗಿತ್ತು.

ಗಡಿಗೆ ನೆನಪಿನ ಶಕ್ತಿ ಬಂದದ್ದು

ಕಾನೂನು ಇದ್ದರೆ ಸಾಕೇ? ಎದುರಿಗೆ ನಿಂತವನಿಗೆ ಕೇಸು ಆಗಿದೆ ಅಂತ ಅಧಿಕಾರಿಗೆ ಗೊತ್ತಾಗಬೇಕಲ್ಲ. ದಶಕಗಟ್ಟಲೆ ಈ ಗಡಿ ದಾಟೋದು ಅಂದ್ರೆ ಕಿಟಕಿ ಗಾಜು ಇಳಿಸೋದು, "ಎಲ್ಲಿಗೆ? ಎಷ್ಟು ದಿನ?" ಅಂದಾಗ ಉತ್ತರ ಹೇಳೋದು, ಅಷ್ಟೇ. ಬಾಯಿಮಾತಲ್ಲಿ "ಅಮೆರಿಕದವನು" ಅಂದ್ರೂ ನಡೀತಿತ್ತು.

ತೆರೆಮರೆಯಲ್ಲಿ ಯಂತ್ರಗಳು ತಯಾರಾಗ್ತಿದ್ದವು. 1967ರಲ್ಲಿ ಅಮೆರಿಕದ ಎಫ್‌ಬಿಐ ದೇಶದ ಅಪರಾಧ ಮಾಹಿತಿಗೆ ಒಂದು ಕಂಪ್ಯೂಟರ್ ಕೇಂದ್ರ ಶುರು ಮಾಡಿತು. 1972ರಲ್ಲಿ ಕೆನಡಾ ತನ್ನದೇ ಕೇಂದ್ರ ಕಟ್ಟಿತು. ಮುಂದೆ ಇವೆರಡೂ ಒಂದಕ್ಕೊಂದು ಜೋಡಣೆಯಾದವು.

ನಂತರ 2001ರ ಸೆಪ್ಟೆಂಬರ್ 11. ಮೂರೇ ತಿಂಗಳಲ್ಲಿ, ಡಿಸೆಂಬರ್ 12ರಂದು, ಎರಡೂ ದೇಶಗಳು ಸ್ಮಾರ್ಟ್ ಬಾರ್ಡರ್ ಅನ್ನೋ ಘೋಷಣೆಗೆ ಸಹಿ ಹಾಕಿದವು. 2003ರ ಡಿಸೆಂಬರಿನಲ್ಲಿ ಕೆನಡಾ ಗಡಿ ಸೇವಾ ಸಂಸ್ಥೆ ಹುಟ್ಟಿತು. 2009ರ ಜೂನ್ 1ರಿಂದ ಅಮೆರಿಕ ತನ್ನ ಪ್ರಜೆಗಳೂ ರಸ್ತೆ ಮೂಲಕ ವಾಪಸ್ ಬರುವಾಗ ಪಾಸ್‌ಪೋರ್ಟನ್ನೋ ಅಂಥದ್ದೇ ಗುರುತಿನ ಪತ್ರವನ್ನೋ ತೋರಿಸಬೇಕು ಅಂತ ಮಾಡಿತು. ಹಾಗಾಗಿ ಗಡಿಗೆ ಬರುವ ಪ್ರತಿಯೊಬ್ಬನ ಕೈಲೂ ಸ್ಕ್ಯಾನ್ ಮಾಡಬಹುದಾದ ಒಂದು ಪುಸ್ತಕವೋ ಕಾರ್ಡೋ ಬಂತು.

ಹುಡುಕೋಕೆ ಹೊರಟದ್ದು ಭಯೋತ್ಪಾದಕರನ್ನ. ಆದ್ರೆ ಬಲೆ ಬೀಸಿದ ಮೇಲೆ ಅದಕ್ಕೆ ಎಲ್ಲ ಮೀನೂ ಒಂದೇ. ಇಪ್ಪತ್ತು ಸಲ ಆರಾಮಾಗಿ ಕೆನಡಾಕ್ಕೆ ಮೀನು ಹಿಡಿಯೋಕೆ ಹೋಗಿ ಬಂದವರು ಇಪ್ಪತ್ತೊಂದನೇ ಸಲ ತಡೆಯಲ್ಪಟ್ಟರು. ಕಾನೂನು ಮೊದಲೂ ಇತ್ತು, ಈಗ ಅದಕ್ಕೆ ಕಣ್ಣು ಬಂದಿತ್ತು.

ಅಮೆರಿಕದವರಿಗೆ ಇದು ಅರ್ಥವಾಗೋದು ಕಷ್ಟ. ಯಾಕಂದ್ರೆ ಅವರ ರಾಜ್ಯಗಳಲ್ಲೇ ಇದಕ್ಕೆ ಒಂದೊಂದು ಹೆಸರು, ಒಂದೊಂದು ತೂಕ. ವಿಸ್ಕಾನ್ಸಿನ್ ರಾಜ್ಯದಲ್ಲಂತೂ ಸಾಮಾನ್ಯವಾಗಿ ಮೊದಲ ಸಲ ಸಿಕ್ಕಿಬಿದ್ರೆ ಅದು ಅಪರಾಧವೇ ಅಲ್ಲ, ದಂಡ ಕಟ್ಟಿ ಮುಗಿಸುವ ಉಲ್ಲಂಘನೆ. ಆದ್ರೆ ಕೆನಡಾ ಆ ಹೆಸರನ್ನು ನೋಡಲ್ಲ. "ನೀನು ಮಾಡಿದ್ದನ್ನೇ ನಮ್ಮ ನೆಲದಲ್ಲಿ ಮಾಡಿದ್ದರೆ ಏನಾಗ್ತಿತ್ತು?" ಅಂತ ಮಾತ್ರ ಕೇಳುತ್ತೆ.

ಹತ್ತು ಅನ್ನೋ ಅಂಕಿ

2002ರ ಜೂನ್ 28ರಂದು ಕೆನಡಾದ ಈಗಿನ ವಲಸೆ ಕಾನೂನು ಜಾರಿಗೆ ಬಂತು. ಅದರ 36ನೇ ಸೆಕ್ಷನ್ ಅಪರಾಧಗಳನ್ನು ಎರಡು ಡಬ್ಬಿಗೆ ಹಾಕುತ್ತೆ. ಕೆನಡಾದಲ್ಲಿ ಗರಿಷ್ಠ ಶಿಕ್ಷೆ 10 ವರ್ಷ ಅಥವಾ ಹೆಚ್ಚು ಇದ್ದರೆ ಗಂಭೀರ ಅಪರಾಧ. ಕಡಿಮೆ ಇದ್ದರೆ ಸಾಮಾನ್ಯ ಅಪರಾಧ. ಗಮನಿಸಿ, ನಿಮಗೆ ಸಿಕ್ಕ ಶಿಕ್ಷೆ ಎಷ್ಟು ಅಂತ ನೋಡಲ್ಲ. ಕಾನೂನಿನ ಪುಸ್ತಕದಲ್ಲಿ ಹೆಚ್ಚೆಂದರೆ ಎಷ್ಟು ಹಾಕಬಹುದಿತ್ತು ಅಂತ ನೋಡ್ತಾರೆ.

ಆಗ ಕುಡಿದು ಓಡಿಸೋದಕ್ಕೆ ಗರಿಷ್ಠ ಶಿಕ್ಷೆ 5 ವರ್ಷ. ಹಾಗಾಗಿ ಅದು ಸಾಮಾನ್ಯ ಡಬ್ಬಿ. ಆ ಡಬ್ಬಿಯಲ್ಲಿ ಒಂದು ಒಳ್ಳೆಯ ಗುಣ ಇತ್ತು. ಒಂದೇ ಒಂದು ಕೇಸು, ಶಿಕ್ಷೆ ಪೂರ್ತಿ ಮುಗಿದು ಹತ್ತು ವರ್ಷ ಆಗಿದೆ, ಮತ್ತೆ ತಪ್ಪು ಮಾಡಿಲ್ಲ ಅಂದ್ರೆ, ಅರ್ಜಿ ಗಿರ್ಜಿ ಏನೂ ಬೇಡ, ಈ ಮನುಷ್ಯ ಸುಧಾರಿಸಿದ್ದಾನೆ ಅಂತ ಕಾನೂನೇ ಒಪ್ಪಿಕೊಳ್ಳೋದು. ಐದು ವರ್ಷ ಆಗಿದ್ದರೆ ಅರ್ಜಿ ಹಾಕಿ ಕೇಳಬಹುದಿತ್ತು. ಅದಕ್ಕೂ ಮೊದಲು ಹೋಗಲೇಬೇಕು ಅಂದ್ರೆ ತಾತ್ಕಾಲಿಕ ಪರವಾನಗಿ, ಕೊಡೋದು ಬಿಡೋದು ಅಧಿಕಾರಿಯ ವಿವೇಚನೆ. 2012ರಲ್ಲಿ ಪ್ರವಾಸೋದ್ಯಮಕ್ಕೆ ಅನುಕೂಲ ಆಗಲಿ ಅಂತ ಕೆನಡಾ ಇನ್ನೊಂದು ಸಡಿಲಿಕೆ ಕೊಟ್ಟಿತು: ಜೈಲು ಶಿಕ್ಷೆ ಆಗದ ಒಂದೇ ಸಣ್ಣ ಕೇಸು ಇದ್ದವರಿಗೆ ಆ ಪರವಾನಗಿ ಒಂದು ಸಲ ಶುಲ್ಕವಿಲ್ಲದೆ. ಮೀನು ಹಿಡಿಯೋಕೆ, ಬೇಟೆಗೆ ಬರೋ ಅಮೆರಿಕದವರ ದುಡ್ಡು ಬೇಕಲ್ಲ!

ಆಮೇಲೆ ಬಂತು 2018. ಕೆನಡಾ ಗಾಂಜಾವನ್ನು ಕಾನೂನುಬದ್ಧ ಮಾಡಿದ ವರ್ಷ. ಅದರ ಜೊತೆಗೇ ಕುಡಿದು, ನಶೆಯಲ್ಲಿ ಓಡಿಸೋದರ ವಿರುದ್ಧ ಕಾನೂನು ಬಿಗಿ ಮಾಡಿದರು. ಡಿಸೆಂಬರ್ 18ರಿಂದ ಗರಿಷ್ಠ ಶಿಕ್ಷೆ 5ರಿಂದ 10 ವರ್ಷಕ್ಕೆ ಏರಿತು. ಅನುಮಾನ ಇಲ್ಲದಿದ್ದರೂ ಪೊಲೀಸರು ಚಾಲಕರನ್ನು ಊದಿಸಬಹುದು ಅಂತಾಯ್ತು.

ರಸ್ತೆಯ ಕಾನೂನು ಬದಲಿಸಿದ್ದು ರಸ್ತೆಗಾಗಿ. ಆದ್ರೆ ಅದೇ 10 ಅನ್ನೋ ಅಂಕಿ ವಲಸೆ ಕಾನೂನಿನಲ್ಲಿ ಕಾದು ಕೂತಿತ್ತು. ವಲಸೆ ವಕೀಲರು ಮೊದಲೇ ಎಚ್ಚರಿಸಿದ್ದರು. ಒಂದೇ ರಾತ್ರಿಯಲ್ಲಿ ಕುಡಿದು ಓಡಿಸೋದು ಸಾಮಾನ್ಯ ಡಬ್ಬಿಯಿಂದ ಗಂಭೀರ ಡಬ್ಬಿಗೆ ಹಾರಿತು. ಗಂಭೀರ ಡಬ್ಬಿಯಲ್ಲಿ ಹತ್ತು ವರ್ಷದ ತಾನಾಗಿಯೇ ಸಿಗುವ ಕ್ಷಮೆ ಇಲ್ಲ. 2019ರಲ್ಲಿ ಸಿಕ್ಕಿಬಿದ್ದವನು 2049ರಲ್ಲಿ ಹೋದರೂ, ಮೊದಲು ಅರ್ಜಿ ಹಾಕಿ ಒಪ್ಪಿಗೆ ಪಡೆದಿರಬೇಕು. ಗಂಭೀರ ವರ್ಗದ ಅರ್ಜಿ ಶುಲ್ಕವೇ ಸಾವಿರ ಕೆನಡಿಯನ್ ಡಾಲರಿಗಿಂತ ಹೆಚ್ಚು.

ಹಳೇ ಕೇಸುಗಳ ಗತಿ? ಅದಕ್ಕೆ ಕೆನಡಾದ ಸುಪ್ರೀಂ ಕೋರ್ಟ್ 2017ರಲ್ಲೇ, ಟ್ರಾನ್ ಅನ್ನೋ ಪ್ರಕರಣದಲ್ಲಿ, ದಾರಿ ತೋರಿಸಿತ್ತು. ತಪ್ಪು ಮಾಡಿದ ದಿನ ಯಾವ ಗರಿಷ್ಠ ಶಿಕ್ಷೆ ಇತ್ತೋ ಅದೇ ಲೆಕ್ಕ, ಆಮೇಲೆ ಏರಿಸಿದ್ದಲ್ಲ. ಹಾಗಾಗಿ 2018ರ ಡಿಸೆಂಬರ್ 18ಕ್ಕೆ ಮುಂಚಿನ ಕೇಸುಗಳು ಹಳೇ ಡಬ್ಬಿಯಲ್ಲೇ ಉಳಿದವು.

ಇದು ಪ್ರವಾಸಿಗರಿಗಷ್ಟೇ ಅಲ್ಲ. ಕೆನಡಾದಲ್ಲಿ ಪಿಆರ್ ಪಡೆದು ವರ್ಷಗಟ್ಟಲೆ ಬದುಕಿದವರು ಅಲ್ಲೇ ಕುಡಿದು ಓಡಿಸಿ ಶಿಕ್ಷೆಯಾದರೆ ವಾಸದ ಹಕ್ಕೇ ಹೋಗುವ ಅಪಾಯ. ಪಕ್ಕದ ಮನೆಯ ಕೆನಡಾ ಪ್ರಜೆ ಅದೇ ತಪ್ಪಿಗೆ ದಂಡ ಕಟ್ಟಿ, ಕೆಲ ತಿಂಗಳು ಬಸ್ಸಲ್ಲಿ ಓಡಾಡಿ ಸುಮ್ಮನಾಗ್ತಾನೆ. ವಲಸೆ ಬಂದವನಿಗೆ ಮನೆ, ಕೆಲಸ, ಮಕ್ಕಳ ಶಾಲೆ ಎಲ್ಲ ಪಣಕ್ಕೆ.

ನಮ್ಮವರಿಗೆ ಇದು ಎಲ್ಲಿ ತಾಗುತ್ತೆ

ಈಗ ನಮ್ಮವರ ಕಡೆ ಬರೋಣ. ಅಮೆರಿಕದಲ್ಲಿ ಕೆಲಸ ಮಾಡೋ ಕನ್ನಡಿಗರು ಕೆನಡಾ ಕಡೆ ಹೋಗೋದು ಹೊಸದಲ್ಲ. ನಯಾಗರಾ ಜಲಪಾತವನ್ನೇ ತಗೊಳ್ಳಿ, ಅದರ ಮುಖ ಚೆನ್ನಾಗಿ ಕಾಣೋದು ಕೆನಡಾ ದಡದಿಂದ. ಊರಿಂದ ಬಂದ ಅಪ್ಪ ಅಮ್ಮನನ್ನು ಕರ್ಕೊಂಡು ಸೇತುವೆ ದಾಟೋದು ಎಷ್ಟೋ ಮನೆಗಳ ಆಲ್ಬಮ್ಮಿನಲ್ಲಿದೆ. ಕುಡಿದು ಓಡಿಸಿದ ಕೇಸು ಇದ್ದರೆ ಆ ಸೇತುವೆಯಲ್ಲಿ ಎರಡೂ ಕಡೆ ಕಷ್ಟ. ಕೆನಡಾ ಒಳಗೆ ಬಿಡದೇ ಇರಬಹುದು. ಅಮೆರಿಕಕ್ಕೆ ವಾಪಸ್ ಬರೋದೂ ತೊಡಕಾಗಬಹುದು.

ಅದು ಹೇಗೆ? ಅಮೆರಿಕದ ಕಾನೂನಿನಲ್ಲಿ ಯಾರಿಗೂ ಗಾಯವಾಗದ ಒಂದು ಸರಳ ಕೇಸು ಸಾಮಾನ್ಯವಾಗಿ ಪ್ರವೇಶಕ್ಕೆ ಅಡ್ಡಿಯಲ್ಲ. ಆದ್ರೆ 2015ರ ನವೆಂಬರಿನಲ್ಲಿ ಅಲ್ಲಿನ ವಿದೇಶಾಂಗ ಇಲಾಖೆ ತನ್ನ ಅಧಿಕಾರಿಗಳಿಗೆ ಸೂಚನೆ ಕೊಟ್ಟಿತು. ಎಚ್-1ಬಿ, ವಿದ್ಯಾರ್ಥಿ ವೀಸಾದಂಥವು ಇದ್ದವರು ಕುಡಿದು ಓಡಿಸಿ ಬಂಧನಕ್ಕೊಳಗಾದರೆ ವೀಸಾ ರದ್ದು ಮಾಡಬಹುದು. ತೀರ್ಪು ಬರಬೇಕಿಲ್ಲ, ಬಂಧನವೇ ಸಾಕು. ರದ್ದಾಯ್ತು ಅಂದ ಮಾತ್ರಕ್ಕೆ ನಾಳೆಯೇ ದೇಶ ಬಿಡಬೇಕು ಅಂತಲ್ಲ, ಆದ್ರೆ ಹೊರಗೆ ಕಾಲಿಟ್ಟರೆ ಹೊಸ ವೀಸಾ ಬೇಕು. ಹೊಸ ವೀಸಾಗೆ ಮುಂಚೆ ಅವರು ನೇಮಿಸಿದ ವೈದ್ಯರ ತಪಾಸಣೆ, ಕುಡಿತದ ಕಾಯಿಲೆ ಇದೆಯಾ ಅಂತ. 1917ರ ಪಟ್ಟಿ ನೆನಪಾಯ್ತಾ? ಪದ ಬದಲಾಗಿದೆ, ವೈದ್ಯರು ಮಾತ್ರ ಇನ್ನೂ ಬಾಗಿಲಲ್ಲೇ ಇದ್ದಾರೆ. ಊರಲ್ಲಿ ತಂಗಿ ಮದುವೆ ಇದ್ದರೂ, ಅಪ್ಪನಿಗೆ ಹುಷಾರಿಲ್ಲ ಅಂತ ಫೋನ್ ಬಂದರೂ, ಹೋದರೆ ವಾಪಸ್ ಬರೋದು ಯಾವಾಗ ಅನ್ನೋ ಲೆಕ್ಕ ಹಾಕೋ ಸ್ಥಿತಿ.

ಇನ್ನು ಬೆಂಗಳೂರಲ್ಲೇ ಇರುವವರು. ನಮ್ಮ ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ ಪ್ರಕಾರ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ ಮೀರಿದರೆ ಅಪರಾಧ. 2019ರ ಸೆಪ್ಟೆಂಬರಿನಿಂದ ಮೊದಲ ಸಲಕ್ಕೆ 10,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ನಮ್ಮ ಹುಡುಗರು ಇದನ್ನು "ಡಿಡಿ ಕೇಸು" ಅಂತಾರೆ. ಗಾಡಿ ಬಿಟ್ಟು ಬಾ, ಕೋರ್ಟಿಗೆ ಹೋಗು, ದುಡ್ಡು ಕಟ್ಟು, ಗಾಡಿ ಬಿಡಿಸ್ಕೋ. ಸಿಗ್ನಲ್ ಜಂಪ್ ಮಾಡಿದ ದಂಡದ ಥರಾನೇ ಅಂದ್ಕೊಳ್ತಾರೆ. ಅಲ್ಲ. ಕೋರ್ಟಿನಲ್ಲಿ ತಪ್ಪೊಪ್ಪಿ ದಂಡ ಕಟ್ಟಿದ್ರೆ ಅದು ಅಪರಾಧ ಸಾಬೀತಾದ ತೀರ್ಪು.

ಅದೇ ಹುಡುಗ ನಾಲ್ಕು ವರ್ಷ ಕಳೆದು ಕೆನಡಾ ಪಿಆರ್ ಅರ್ಜಿ ತುಂಬ್ತಾನೆ. ಯಾವುದೇ ದೇಶದಲ್ಲಿ ಬಂಧನವಾಗಿದೆಯಾ, ಕೇಸಾಗಿದೆಯಾ, ಶಿಕ್ಷೆಯಾಗಿದೆಯಾ ಅಂತ ಪ್ರಶ್ನೆ. "ಇಲ್ಲ" ಅಂತ ಟಿಕ್ ಹಾಕಿ ಸಿಕ್ಕಿಬಿದ್ದರೆ ಸುಳ್ಳು ಹೇಳಿದ್ದಕ್ಕೇ ಐದು ವರ್ಷ ಬಾಗಿಲು ಬಂದ್. "ಹೌದು" ಅಂದರೆ ಲೆಕ್ಕಾಚಾರ ಶುರು. ಇಲ್ಲಿ ಒಂದು ಸೂಕ್ಷ್ಮ ಇದೆ. ನಮ್ಮ ಮಿತಿ 30, ಕೆನಡಾದ ದಂಡ ಸಂಹಿತೆಯ ಮಿತಿ 80. 45 ಬಂದು ಇಲ್ಲಿ ಶಿಕ್ಷೆಯಾದವನು ಆ 80ರ ಗೆರೆಯನ್ನು ದಾಟಿರಲ್ಲ. ಆದ್ರೆ ಅಂಕಿ ಎಷ್ಟೇ ಇರಲಿ, ಓಡಿಸುವ ಸಾಮರ್ಥ್ಯ ಕುಗ್ಗಿತ್ತು ಅಂದ್ರೆ ಅದೂ ಅಲ್ಲಿ ಅಪರಾಧವೇ. ಹಾಗಾಗಿ ಅವತ್ತಿನ ಆಲ್ಕೋಮೀಟರ್ ಚೀಟಿ, ಕೋರ್ಟಿನ ಆದೇಶದ ಪ್ರತಿ, ದಂಡದ ರಸೀದಿ ಇವು ಕಸದ ಬುಟ್ಟಿಗೆ ಹಾಕೋ ಕಾಗದಗಳಲ್ಲ. ಮುಂದೆ ವಕೀಲರು ಮೊದಲು ಕೇಳೋದೇ ಅವನ್ನ.

ಕೊನೆಗೆ ನನ್ನ ಮಾತು. ಈ ಇತಿಹಾಸ ಓದುವಾಗ ನನ್ನನ್ನು ಕಾಡಿದ್ದು ಶಿಕ್ಷೆಯ ಕಠಿಣತೆ ಅಲ್ಲ. ಕುಡಿದು ಓಡಿಸುವವನಿಗೆ ಕಠಿಣ ಶಿಕ್ಷೆ ಇರಲಿ. 13 ವರ್ಷದ ಮಗಳನ್ನು ಕಳೆದುಕೊಂಡ ತಾಯಿಗೆ ಯಾವ ಗಡಿಯೂ ಏನನ್ನೂ ವಾಪಸ್ ಕೊಡಲ್ಲ. ಜೀವ ತೆಗೆದವನಿಗೆ, ಮತ್ತೆ ಮತ್ತೆ ಸಿಕ್ಕಿಬಿದ್ದವನಿಗೆ "ಬರಬೇಡ" ಅನ್ನೋ ಹಕ್ಕು ಒಂದು ದೇಶಕ್ಕೆ ಖಂಡಿತ ಇದೆ.

ನನ್ನ ತಕರಾರು ಕಾಲದ ಬಗ್ಗೆ. 2018ಕ್ಕೆ ಮೊದಲು ಕೆನಡಾದ ಕಾನೂನು ಕಾಲವನ್ನು ಸಾಕ್ಷಿ ಅಂತ ಒಪ್ಪುತ್ತಿತ್ತು. ಹತ್ತು ವರ್ಷ ನೆಟ್ಟಗೆ ಬದುಕಿದ್ದೀಯಾ, ಅದೇ ನಿನ್ನ ಅರ್ಜಿ, ಬಾ ಅನ್ನೋದು. ಈಗ ಕಾಲ ಸಾಕ್ಷಿ ಹೇಳಲ್ಲ, ಕಾಗದ ಹೇಳಬೇಕು, ಶುಲ್ಕ ಹೇಳಬೇಕು. ಯಾರಿಗೂ ಗಾಯವಾಗದ ಒಂದೇ ತಪ್ಪಿಗೆ, ದುಡ್ಡಿದ್ದವನು ವಕೀಲರನ್ನು ಹಿಡಿದು ದಾಟ್ತಾನೆ, ಇಲ್ಲದವನು ಈ ದಡದಲ್ಲೇ ನಿಲ್ತಾನೆ. ಇದರಿಂದ ರಸ್ತೆಯಲ್ಲಿ ಒಂದು ಜೀವ ಹೆಚ್ಚು ಉಳಿಯುತ್ತೆ ಅಂತ ನನಗನ್ನಿಸಲ್ಲ. ನಿಮ್ಮ ಅಭಿಪ್ರಾಯ ಬೇರೆ ಇದ್ದರೆ ಬರೆದು ಕಳಿಸಿ, ಓದ್ತೀನಿ.

ಆದ್ರೆ ಕಾನೂನು ನನ್ನ ಅನಿಸಿಕೆಗೆ ಕಾಯಲ್ಲ, ನಿಮ್ಮದಕ್ಕೂ ಕಾಯಲ್ಲ. ಇವತ್ತು ಶುಕ್ರವಾರ ರಾತ್ರಿ ಗೆಳೆಯರ ಜೊತೆ ಕೂತಿದ್ರೆ, "ಎರಡೇ ಬಿಯರ್ ಮಗಾ, ಏನಾಗಲ್ಲ" ಅಂತ ಕೀ ಕೈಗೆ ತಗೊಳ್ಳೋನ ಕೈಯಿಂದ ಅದನ್ನು ಕಿತ್ಕೊಳ್ಳಿ. ಆಟೋಗೆ ಮುನ್ನೂರು ರೂಪಾಯಿ ಆಗಬಹುದು, ಆಗಲಿ. ರಸ್ತೆ ದಾಟ್ತಿರೋ ಯಾರದೋ ಮನೆಯ ಮಗು ಮೊದಲ ಕಾರಣ. ನಿಮ್ಮ ಗೆಳೆಯನ ಪಾಸ್‌ಪೋರ್ಟು ಎರಡನೆಯದು.